ಬಿಳಿ ತಳಿಯ ಹೆದರಿಕೆ

ಯಲಹಂಕದ ಆಚೆ ಇದ್ದ ಒಂದು ಸಂಶೋಧನಾ ಸಂಸ್ಥೆಯಲ್ಲಿ ನಾನು ಆರು ವರ್ಷ ಇಲಿಗಳ ಜೊತೆ ಕೆಲಸ ಮಾಡಿದೆ. ಮುಖ್ಯ ಕಟ್ಟಡದ ಹಿಂದೆ, ನೀಲಗಿರಿ ಮರಗಳ ಸಾಲು ದಾಟಿದರೆ, ಕಿಟಕಿಗಳಿಲ್ಲದ ಉದ್ದನೆಯ ಕಟ್ಟಡವೊಂದಿತ್ತು. ಕಾಗದಪತ್ರಗಳಲ್ಲಿ ಅದಕ್ಕೆ ಭಾರೀ ಹೆಸರು. ನಾವೆಲ್ಲ ಕರೆಯುತ್ತಿದ್ದದ್ದು ಇಲಿಮನೆ ಅಂತ.

ಕೆಲಸ ಸಿಕ್ಕ ಸುದ್ದಿಯನ್ನು ಅಪ್ಪನಿಗೆ ಹೇಳಿದ್ದು ಆರ್.ಟಿ. ನಗರದ ನಮ್ಮ ಟೈಲರ್ ಅಂಗಡಿಯಲ್ಲಿ. ಶಾಲೆಗಳು ಶುರುವಾಗುವ ಕಾಲ. ಅಪ್ಪನ ಸುತ್ತ ಸಮವಸ್ತ್ರಗಳ ರಾಶಿ. ಅವರು ಹೊಲಿಗೆ ಯಂತ್ರದಿಂದ ತಲೆ ಎತ್ತಲಿಲ್ಲ.

“ಇಲಿ ಸಾಕೋದಕ್ಕೆ ಎಂ.ಎಸ್ಸಿ. ಬೇಕಾ?”

“ಸಾಕೋದಕ್ಕಲ್ಲಪ್ಪ. ಅವು ಹೇಗೆ ನಡ್ಕೋತವೆ ಅಂತ ನೋಡೋದಕ್ಕೆ.”

“ಹೇಗೆ ನಡ್ಕೋತವೆ? ಬಟ್ಟೆ ಕಡೀತವೆ.”

ಅಂಗಡಿಯ ಅಟ್ಟದ ಮೇಲಿದ್ದ ಬಟ್ಟೆಗಳನ್ನು ಇಲಿಗಳಿಂದ ಕಾಪಾಡುವುದರಲ್ಲೇ ಅರ್ಧ ಆಯುಷ್ಯ ಕಳೆದ ಮನುಷ್ಯನಿಗೆ ಇದಕ್ಕಿಂತ ಬೇರೆ ಉತ್ತರ ಹೊಳೆಯುವಂತಿರಲಿಲ್ಲ. ನಾನು ಬಿಡದೆ ವಿವರಿಸಿದೆ. ಇವು ಅಟ್ಟದ ಮೇಲೆ ಓಡಾಡುವ ಇಲಿಗಳಲ್ಲ. ಒಂದೇ ಬಸುರಲ್ಲಿ ಹುಟ್ಟಿದ ಗಂಡು ಹೆಣ್ಣುಗಳನ್ನೇ ಕೂಡಿಸಿ, ಅವುಗಳ ಮರಿಗಳನ್ನು ಮತ್ತೆ ಹಾಗೇ ಕೂಡಿಸಿ, ಇಪ್ಪತ್ತಕ್ಕಿಂತ ಹೆಚ್ಚು ತಲೆಮಾರು ದಾಟಿಸಿದ ತಳಿಗಳು. ಅಷ್ಟು ಹೊತ್ತಿಗೆ ಒಂದು ತಳಿಯೊಳಗಿನ ಇಲಿಗಳೆಲ್ಲ ಅವಳಿಗಳಿದ್ದ ಹಾಗೆ, ಒಂದೇ ತಾನಿನಿಂದ ಕತ್ತರಿಸಿದ ಬಟ್ಟೆಯ ಹಾಗೆ. ಒಂದು ತಳಿಯನ್ನೂ ಇನ್ನೊಂದು ತಳಿಯನ್ನೂ ಒಂದೇ ರೀತಿ ಬೆಳೆಸಿ, ಆಮೇಲೂ ಅವುಗಳ ನಡತೆ ಬೇರೆಬೇರೆಯಾಗಿದ್ದರೆ, ಆ ವ್ಯತ್ಯಾಸ ಹುಟ್ಟಿನಿಂದ ಬಂದದ್ದು ಅಂತ ಹೇಳಬಹುದು.

ಅಪ್ಪ ಗುಂಡಿ ಹೊಲಿಯುತ್ತಾ ಕೇಳಿಸಿಕೊಂಡರು. “ಒಂದೇ ತಾನಿನ ಬಟ್ಟೆ ಅಂತೀಯ, ಸರಿ. ನೀರಿಗೆ ಹಾಕಿದ್ಮೇಲೆ ಅದೂ ಒಂದೊಂದು ಮನೇಲಿ ಒಂದೊಂದು ಥರ ಕುಗ್ಗುತ್ತೆ,” ಅಂದರು. ಗಿರಾಕಿ ಬಂದದ್ದರಿಂದ ಮಾತು ಅಲ್ಲಿಗೆ ನಿಂತಿತು.

ನನ್ನ ಮಾರ್ಗದರ್ಶಕರು ನಿವೃತ್ತಿಗೆ ಹತ್ತಿರವಾಗಿದ್ದ ಹೆಂಗಸು. ಕಾಟನ್ ಸೀರೆಯ ಕೆಳಗೆ ಓಟದ ಬೂಟು ಹಾಕಿಕೊಂಡು ಕಾರಿಡಾರಿನಲ್ಲಿ ಬೇಗಬೇಗ ನಡೆಯುತ್ತಿದ್ದರು. ಎಲ್ಲರ ಬಾಯಲ್ಲೂ ಅವರು ಬರೀ ಮೇಡಂ. ಅವರು ನನಗೆ ಒಪ್ಪಿಸಿದ್ದು ಎರಡು ತಳಿಗಳನ್ನು, ಒಂದು ಕಪ್ಪು, ಒಂದು ಬಿಳಿ. ಬಿಳಿ ಇಲಿಗಳಿಗೆ ಕೆಂಪು ಕಣ್ಣು, ತೆಳು ಚರ್ಮದ ಕಿವಿ. ಅವು ಪುಕ್ಕಲು ಎಂದೇ ಹೆಸರಾದ ತಳಿ. ಕಪ್ಪು ಇಲಿಗಳಿಗೆ ಕುತೂಹಲ ಜಾಸ್ತಿ. ಗೂಡಿನ ಮುಚ್ಚಳ ತೆಗೆದರೆ ಹಿಂಗಾಲಿನ ಮೇಲೆ ನಿಂತು ಮೂಗು ಆಡಿಸುತ್ತಿದ್ದವು. ಈ ಅಂಜಿಕೆ ಯಾವ ವಂಶವಾಹಿಗಳಲ್ಲಿ ಅಡಗಿದೆ ಎಂದು ಹುಡುಕುವುದೇ ನನ್ನ ಪಿಎಚ್.ಡಿ.

ಪರೀಕ್ಷೆ ತೀರಾ ಸರಳ. ಮುಚ್ಚಳವಿಲ್ಲದ ಅಗಲವಾದ ಬಿಳಿ ಪೆಟ್ಟಿಗೆ, ಮೇಲೊಂದು ದೀಪ, ಒಂದು ಕ್ಯಾಮೆರಾ. ಇಲಿಯನ್ನು ಅದರೊಳಗೆ ಐದು ನಿಮಿಷ ಬಿಡಬೇಕು. ಅಂಜುವ ಇಲಿ ಗೋಡೆಗೆ ಒತ್ತಿಕೊಂಡೇ ಸುತ್ತುತ್ತದೆ, ಹಿಕ್ಕೆ ಹಾಕುತ್ತದೆ. ಧೈರ್ಯದ ಇಲಿ ನಡುಭಾಗಕ್ಕೆ ಬರುತ್ತದೆ. ಎಷ್ಟು ಸಲ ನಡುವಿಗೆ ಬಂತು, ಎಷ್ಟು ಹೊತ್ತು ನಿಂತಿತು, ಎಷ್ಟು ಹಿಕ್ಕೆ ಹಾಕಿತು ಎಂಬುದನ್ನೆಲ್ಲ ನಾನು ಬರೆದುಕೊಳ್ಳುತ್ತಿದ್ದೆ. ನಾನು ಕೂರುತ್ತಿದ್ದದ್ದು ಗೋಡೆಯ ಆಚೆ, ಪರದೆಯ ಮುಂದೆ. ಇಲಿಯನ್ನು ಗೂಡಿನಿಂದ ತೆಗೆದು ಪೆಟ್ಟಿಗೆಗೆ ಬಿಡುವುದು ಅಣ್ಣನ ಕೆಲಸ.

ಅಣ್ಣ ಎಂದರೆ ಇಲಿಮನೆಯನ್ನು ನೋಡಿಕೊಳ್ಳುತ್ತಿದ್ದವರು. ವಿದ್ಯಾರಣ್ಯಪುರದ ಪಕ್ಕದ ಸಿಂಗಾಪುರ ಎಂಬ ಹಳ್ಳಿಯವರು, ಐವತ್ತು ದಾಟಿದ ಮನುಷ್ಯ. ಲೇಔಟುಗಳು ಬರುವ ಮುಂಚೆ ಅವರ ಮನೆಯಲ್ಲಿ ದನ ಕುರಿ ಇದ್ದವಂತೆ. ಇಲಿಮನೆ ಕಟ್ಟಿದಾಗಿನಿಂದ ಇಲ್ಲೇ ಇದ್ದರು. ಗೂಡು ಬದಲಿಸುವುದು, ನೀರು, ಆಹಾರ, ಹುಟ್ಟಿದ ಮರಿಗಳ ಎಣಿಕೆ, ಬೇಡವಾದ ಇಲಿಗಳನ್ನು ಗ್ಯಾಸ್ ಡಬ್ಬಿಗೆ ಹಾಕಿ ಕೊಲ್ಲುವುದು, ಎಲ್ಲವೂ ಅವರದೇ. ಮೊದಲ ವಾರವೇ ನನ್ನನ್ನು ಮಗಳ ಹಾಗೆ ಏಕವಚನದಲ್ಲಿ ಮಾತಾಡಿಸಿದರು.

“ಗೂಡು ತಗೀವಾಗ ಸದ್ದು ಮಾಡ್ಬೇಡ ಕಣವ್ವ. ತಾಯಿ ಎದ್ರುಕೊಂಡ್ರೆ ಮರೀನೇ ತಿಂದ್ಬಿಡ್ತದೆ,” ಎಂದು ಹೇಳಿಕೊಟ್ಟರು. ಬಿಡುವಿದ್ದಾಗ ನಾನು ಅವರಿಗೆ ತಳಿಗಳ ಲೆಕ್ಕಾಚಾರ ಹೇಳುತ್ತಿದ್ದೆ. ಕಪ್ಪು ಬಿಳಿ ಕೂಡಿದರೆ ಕಪ್ಪೂ ಅಲ್ಲದ ಬಿಳಿಯೂ ಅಲ್ಲದ ಮಣ್ಣಿನ ಬಣ್ಣದ ಮರಿ ಹುಟ್ಟುತ್ತದೆ ಎಂದಾಗ ಅವರು, “ಅದು ಒಲದ್ ಇಲಿ ಬಣ್ಣ. ಅಂದ್ರೆ ಒಳಗೆಲ್ಲೋ ಅದು ಇತ್ತು ಅಂತಾಯ್ತು,” ಅಂದರು. ನನ್ನ ಜೊತೆ ಕಲಿಯುತ್ತಿದ್ದ ಕೆಲವರಿಗಿಂತ ಅವರಿಗೆ ಬೇಗ ಅರ್ಥವಾಗಿತ್ತು.

ಮೊದಲ ವರ್ಷ ಎಲ್ಲ ಪಾಠದಲ್ಲಿದ್ದ ಹಾಗೇ ನಡೆಯಿತು. ಬಿಳಿ ಇಲಿಗಳು ಗೋಡೆ ಬಿಟ್ಟು ಕದಲುತ್ತಿರಲಿಲ್ಲ, ಕಪ್ಪು ಇಲಿಗಳು ನಡುವಿಗೆ ಬಂದು ದೀಪ ನೋಡುತ್ತಿದ್ದವು. ನಾನು ಎಳೆದ ನಕ್ಷೆಯಲ್ಲಿ ಎರಡು ತಳಿಗಳ ಚುಕ್ಕೆಗಳು ದೂರದೂರ ಕೂತಿದ್ದವು. ಮೇಡಂ ಅದನ್ನು ಗೋಡೆಗೆ ಅಂಟಿಸಿ, “ಇಷ್ಟು ಚೆನ್ನಾಗಿ ಬಂದ್ರೆ ನಂಗೆ ಭಯ ಆಗುತ್ತೆ,” ಅಂದರು. ತಮಾಷೆ ಅಂದುಕೊಂಡು ನಕ್ಕೆ.

ಎರಡನೆಯ ವರ್ಷ ಎರಡು ತಳಿಗಳನ್ನು ಕೂಡಿಸಿ ಮರಿ, ಮೊಮ್ಮರಿಗಳನ್ನು ಪರೀಕ್ಷಿಸಬೇಕಿತ್ತು. ಪ್ರತಿ ಸಲವೂ ಹೋಲಿಕೆಗೆ ಶುದ್ಧ ಕಪ್ಪು, ಶುದ್ಧ ಬಿಳಿ ಇಲಿಗಳೂ ಇರಬೇಕು. ಆ ಶುದ್ಧ ಬಿಳಿ ಇಲಿಗಳೇ ಕೈಕೊಟ್ಟವು. ಒಂದು ಬೆಳಿಗ್ಗೆ ಪರದೆಯ ಮೇಲೆ ಒಂದು ಬಿಳಿ ಇಲಿ ನೇರವಾಗಿ ಪೆಟ್ಟಿಗೆಯ ನಡುವಿಗೆ ಬಂದು ಕೂತು ಮುಖ ಒರೆಸಿಕೊಂಡಿತು. ಯಾವುದೋ ಒಂದು ಇಲಿಯ ಹುಚ್ಚಾಟ ಅಂದುಕೊಂಡೆ. ಮುಂದಿನ ವಾರ ಮೂರು ಬಂದವು. ಆ ತಿಂಗಳ ಕೊನೆಗೆ ನನ್ನ ನಕ್ಷೆಯಲ್ಲಿ ಚುಕ್ಕೆಗಳು ಒಂದರ ಮೇಲೊಂದು ಬಿದ್ದಿದ್ದವು.

ನಾನು ದೀಪದ ಬೆಳಕು ಅಳೆದೆ. ಕ್ಯಾಮೆರಾ ಬದಲಿಸಿದೆ. ಆಹಾರದ ಚೀಲಗಳನ್ನೂ ನೆಲ ಒರೆಸುವ ದ್ರಾವಣವನ್ನೂ ತನಿಖೆ ಮಾಡಿದೆ. ನಾನು ಹಚ್ಚಿಕೊಳ್ಳುತ್ತಿದ್ದ ಮಲ್ಲಿಗೆ ವಾಸನೆಯ ಎಣ್ಣೆ ಬಿಟ್ಟೆ. ಏನೂ ಬದಲಾಗಲಿಲ್ಲ. ಉಳಿದದ್ದು ಒಂದೇ ಅನುಮಾನ, ಎಲ್ಲೋ ಗೂಡುಗಳು ಅದಲುಬದಲಾಗಿ ತಳಿ ಬೆರೆತುಹೋಗಿದೆ ಎಂಬುದು. ಹಾಗಾಗಿದ್ದರೆ ಎರಡು ವರ್ಷದ ಕೆಲಸ ಮಣ್ಣುಪಾಲು. ನಾನು ಬಿಳಿ ಇಲಿಗಳ ಬಾಲದ ತುದಿಯ ಚೂರುಗಳನ್ನು ಡಿಎನ್‌ಎ ಪರೀಕ್ಷೆಗೆ ಹೊರಗೆ ಕಳಿಸಿದೆ. ವರದಿ ಬರಲು ತಿಂಗಳುಗಳು ಬೇಕು ಅಂದರು.

ಅಷ್ಟರಲ್ಲಿ ಒಂದು ಮಧ್ಯಾಹ್ನ ಇಲಿಮನೆಗೆ ಹೋದಾಗ ಅಣ್ಣನ ಮೇಜಿನ ಮೇಲೆ ಎರಡು ಗೂಡುಗಳು ಒಟ್ಟಿಗೆ ತೆರೆದಿದ್ದವು. ಒಂದು ಸಲಕ್ಕೆ ಒಂದೇ ಗೂಡು ತೆರೆಯಬೇಕು ಎಂಬುದು ಅಲ್ಲಿನ ಮೊದಲ ನಿಯಮ.

“ಅಣ್ಣ, ಎರಡು ಯಾಕೆ ತೆಗೆದಿದ್ದೀರ?”

“ಇದ್ರಲ್ಲಿ ನೀರಿನ್ ಬಾಟ್ಲು ಸೋರೈತೆ ಕಣವ್ವ. ಒಣಗಿರೋದಕ್ಕೆ ಆಕ್ತಿದೀನಿ.”

ಎರಡನೆಯ ಗೂಡು ಖಾಲಿ ಇತ್ತೇ? ಈಗ ಯೋಚಿಸಿದರೆ ಇದ್ದಿರಬೇಕು. ಆಗ ನಾನು ಅಷ್ಟು ನೋಡಲಿಲ್ಲ. ತಿಂಗಳುಗಟ್ಟಲೆ ಹುಡುಕುತ್ತಿದ್ದ ತಪ್ಪಿತಸ್ಥರು ಕಣ್ಣೆದುರು ಸಿಕ್ಕಂತಾಗಿತ್ತು. ಸೀದಾ ನನ್ನ ಮೇಜಿಗೆ ಹೋಗಿ ಪ್ರಾಣಿ ವಿಭಾಗದ ಕಚೇರಿಗೆ ಮೇಲ್ ಬರೆದೆ. ಗೂಡು ನಿರ್ವಹಣೆಯಲ್ಲಿ ನಿರ್ಲಕ್ಷ್ಯ, ತಳಿ ಬೆರಕೆಯ ಬಲವಾದ ಶಂಕೆ. ಮೇಡಂಗೆ ಪ್ರತಿ ಕಳಿಸಿದೆ, ಮೊದಲೇ ಅವರನ್ನು ಕೇಳಲಿಲ್ಲ. ಅವರು ಅದನ್ನು ಓದುವ ಹೊತ್ತಿಗೆ ಕಚೇರಿಯವರು ಓದಿಯಾಗಿತ್ತು.

ಒಂದೇ ವಾರದಲ್ಲಿ ಅಣ್ಣನನ್ನು ತೋಟದ ಕೆಲಸಕ್ಕೆ ಹಾಕಿದರು. ಹೋಗುವ ದಿನ ಅವರು ಗಮ್‌ಬೂಟು ಕಳಚಿಟ್ಟು, ಬಾಗಿಲ ಬಳಿ ನಿಂತಿದ್ದ ನನ್ನ ಮುಂದೆ ಬಂದು ನಿಂತರು.

“ಕರೀದು ಬಿಳೀದು ಕೂಡಿದ್ರೆ ಮಣ್ ಬಣ್ಣ ಉಟ್ತದೆ ಅಂತ ನೀನೇ ಏಳ್ಕೊಟ್ಟೋಳು. ಬಿಳೀ ಗೂಡಲ್ಲಿ ಎಲ್ಲಾದ್ರೂ ಮಣ್ ಬಣ್ಣ ಕಂಡ್ಯಾ?”

ಅದಕ್ಕೆ ನನ್ನಲ್ಲಿ ಉತ್ತರ ಸಿದ್ಧವಿತ್ತು. “ಒಂದು ಸಲ ಬೆರೆತು, ಆ ಮರಿ ಮತ್ತೆ ಬಿಳಿ ಇಲಿ ಜೊತೆ ಕೂಡಿದ್ರೆ, ಅದರ ಮರಿಗಳಲ್ಲಿ ಅರ್ಧ ಬಿಳಿಯೇ ಹುಟ್ಟುತ್ತವೆ ಅಣ್ಣ.”

“ಅಂದ್ರೆ ನಡುವಿನ ಮಣ್ ಬಣ್ಣದ ಮರೀನ ನಾನು ಮುಚ್ಚಿಟ್ಟೆ ಅಂತ.”

ನಾನು ಅವರು ಕಳಚಿಟ್ಟ ಬೂಟುಗಳ ಕಡೆ ನೋಡಿದೆ. ಅವರು ತಲೆಯಾಡಿಸಿ, “ಆಯ್ತು ಮೇಡಂ, ಬರ್ತೀನಿ,” ಎಂದು ಹೊರಟರು. ಅಲ್ಲಿಯವರೆಗೆ ನನ್ನನ್ನು ಅವರು ಒಮ್ಮೆಯೂ ಮೇಡಂ ಅಂದಿರಲಿಲ್ಲ.

ಅವರ ಜಾಗಕ್ಕೆ ತಣಿಸಂದ್ರದಿಂದ ಬರುತ್ತಿದ್ದ ಒಬ್ಬ ಹೆಂಗಸು ಬಂದರು. ಮುಂಚೆ ಒಂದು ಔಷಧ ಕಂಪನಿಯ ಪ್ರಾಣಿಶಾಲೆಯಲ್ಲಿ ದುಡಿದವರು, ಅಚ್ಚುಕಟ್ಟು. ನಿಯಮದಲ್ಲಿ ಏನಿದೆಯೋ ಅದೇ. ರಬ್ಬರ್ ತುದಿಯ ಚಿಮಟದಿಂದ ಬಾಲದ ಬುಡ ಹಿಡಿದು ಎತ್ತುವುದು, ಹೊಸ ಗೂಡಿಗೆ ಇಳಿಸುವುದು, ಎರಡೇ ಕ್ಷಣ. ಅವರ ಕೈಕೆಳಗೆ ಹುಟ್ಟಿ ಬೆಳೆದ ಮೊದಲ ಬಿಳಿ ಮರಿಗಳಿಗೆ ಎಂಟು ವಾರ ತುಂಬಿದಾಗ ಪೆಟ್ಟಿಗೆಗೆ ಬಿಟ್ಟೆ. ಒಂದೂ ಗೋಡೆ ಬಿಟ್ಟು ಬರಲಿಲ್ಲ. ನೆಲದ ತುಂಬ ಹಿಕ್ಕೆ. ನನಗೆ ಎಷ್ಟು ಸಮಾಧಾನವಾಯಿತೆಂದರೆ ಆ ಹಿಕ್ಕೆಗಳನ್ನು ಎಣಿಸುತ್ತಾ ಹಾಡು ಗುನುಗಿಕೊಂಡೆ.

ಮೇಡಂ ಮಾತ್ರ ಖುಷಿಪಡಲಿಲ್ಲ. “ಬೆರೆತ ತಳಿ ಮೂರು ತಿಂಗಳಲ್ಲಿ ತಾನಾಗೇ ಶುದ್ಧ ಆಗಲ್ಲ. ವರದಿ ಬರ್ಲಿ,” ಅಂದರು. ಆ ಮಾತು ಎಷ್ಟು ಸರಿಯಾಗಿತ್ತೆಂದರೆ ನಾನು ಅದನ್ನು ಕೇಳಿಸಿಕೊಳ್ಳಲೇ ಇಲ್ಲ.

ವರದಿ ಬಂದದ್ದು ಒಂದು ಸಂಜೆ ನಾನು ಮನೆಗೆ ಹೋಗುವಾಗ. ಬಸ್ಸು ಹೆಬ್ಬಾಳದ ಮೇಲ್ಸೇತುವೆ ಹತ್ತಿ ಎಂದಿನಂತೆ ನಿಂತುಬಿಟ್ಟಿತ್ತು. ಬಲಗಡೆ ಕೆರೆಯ ಮೇಲೆ ಬಿಸಿಲು ಇಳಿಯುತ್ತಿತ್ತು. ಫೋನಿನಲ್ಲಿ ಉದ್ದನೆಯ ಪಟ್ಟಿ. ಮುಂಚೆ ಧೈರ್ಯ ತೋರಿದ್ದ ಅವೇ ಬಿಳಿ ಇಲಿಗಳು, ಒಂದೊಂದರ ಮುಂದೂ ಹತ್ತಾರು ಗುರುತುಗಳು. ಎಲ್ಲವೂ ಶುದ್ಧ ಬಿಳಿ ತಳಿ. ಬೆರಕೆಯ ಒಂದು ಗುರುತೂ ಇಲ್ಲ. ಮೊದಲಿಂದ ಮತ್ತೆ ಓದಿದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು, “ಏನಮ್ಮ, ಹುಷಾರಿಲ್ವಾ? ಕಿಟಕಿ ಕಡೆ ಕೂತ್ಕೋತೀಯ?” ಎಂದು ಕೇಳಿ ಜಾಗ ಬಿಟ್ಟುಕೊಟ್ಟರು. ನನ್ನ ಮುಖ ಹೇಗಾಗಿತ್ತೋ.

ಮರುದಿನ ಮೇಡಂ ವರದಿಯನ್ನು ಮೇಜಿನ ಮೇಲಿಟ್ಟು ಕನ್ನಡಕ ತೆಗೆದರು.

“ಇಲಿ ಬದಲಾಗಿಲ್ಲ. ಪೆಟ್ಟಿಗೆ, ದೀಪ, ಊಟ ಯಾವುದೂ ಬದಲಾಗಿಲ್ಲ. ಮತ್ತೆ ಬದಲಾಗಿದ್ದೇನು?”

“ನೋಡಿಕೊಳ್ಳೋರು,” ಅಂದೆ.

“ಹೋಗಿ ನೋಡು. ಈ ಸಲ ಇಲೀನ ನೋಡ್ಬೇಡ.”

ಇಲಿಮನೆಯಲ್ಲಿ ಮೂಲೆಯ ಸ್ಟೂಲಿನ ಮೇಲೆ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಕೂತೆ. ಹೊಸಬರು ಮುಚ್ಚಳ ತೆಗೆದ ಸದ್ದಿಗೇ ಬಿಳಿ ಇಲಿಗಳು ಗೂಡಿನ ದೂರದ ಮೂಲೆಗೆ ಓಡಿ ಒಂದರ ಮೇಲೊಂದು ಬೀಳುತ್ತಿದ್ದವು. ಕಪ್ಪು ಇಲಿಗಳು ಅದೇ ಸದ್ದಿಗೆ, ಅದೇ ಚಿಮಟಕ್ಕೆ, ಮೂಗು ಮುಂದೆ ಮಾಡಿಕೊಂಡು ಬರುತ್ತಿದ್ದವು. ಆಕೆಯದು ಏನೂ ತಪ್ಪಿರಲಿಲ್ಲ. ಅಣ್ಣನ ಕಾಲದಲ್ಲಿ ಹೇಗಿತ್ತು? ಎರಡು ವರ್ಷ ದಿನಾ ನೋಡಿದ್ದೆ, ಆದರೆ ನೆನಪಾಗಲಿಲ್ಲ.

ಆಗ ಹೊಳೆದದ್ದು ನನ್ನ ವಿಡಿಯೋಗಳು. ಪ್ರತಿ ದಾಖಲೆಯ ಶುರುವಿನಲ್ಲಿ ಇಲಿಯನ್ನು ಪೆಟ್ಟಿಗೆಗೆ ಬಿಡುವ ಕೈ ಕೆಲವು ಕ್ಷಣ ಕಾಣುತ್ತದೆ. ನನ್ನ ಎಣಿಕೆ ಶುರುವಾಗುತ್ತಿದ್ದದ್ದು ಕೈ ಹೊರಗೆ ಹೋದ ಮೇಲೆ. ಆದ್ದರಿಂದ ಆ ತುಣುಕನ್ನು ಯಾವತ್ತೂ ಓಡಿಸಿಬಿಡುತ್ತಿದ್ದೆ. ಈಗ ಆ ತುಣುಕುಗಳನ್ನಷ್ಟೇ ಒಂದಾದ ಮೇಲೊಂದು ನೋಡತೊಡಗಿದೆ. ಮೊದಲ ವರ್ಷ ಪೂರ್ತಿ ಅಣ್ಣನ ಬಲಗೈ, ಹೆಬ್ಬೆರಳು ತೋರುಬೆರಳುಗಳ ನಡುವೆ ಬಾಲ, ಗಾಳಿಯಲ್ಲಿ ಕಾಲು ಬಡಿಯುವ ಬಿಳಿ ಇಲಿ. ಎರಡನೆಯ ವರ್ಷದ ಒಂದು ದಿನ ಹೆಬ್ಬೆರಳಿಗೆ ದಪ್ಪನೆಯ ಬ್ಯಾಂಡೇಜು. ಆ ದಿನದಿಂದ ಎರಡೂ ಅಂಗೈ ಬೊಗಸೆ ಮಾಡಿಕೊಂಡು ಇಲಿಯನ್ನು ತರುತ್ತಿದ್ದಾರೆ. ಬೊಗಸೆಯನ್ನು ಪೆಟ್ಟಿಗೆಯ ನೆಲಕ್ಕೆ ತಾಗಿಸಿ, ಇಲಿ ತಾನಾಗಿ ಇಳಿಯುವವರೆಗೆ ಕಾಯುತ್ತಿದ್ದಾರೆ. ಕೆಲವು ವಾರಗಳಾದ ಮೇಲೆ ಬ್ಯಾಂಡೇಜಿಲ್ಲ. ಬೊಗಸೆ ಹಾಗೇ ಇದೆ. ಅದಾದ ಎರಡು ತಿಂಗಳಿಗೆ ಮೊದಲ ಬಿಳಿ ಇಲಿ ನಡುವಿಗೆ ಬಂದು ಮುಖ ಒರೆಸಿಕೊಂಡಿದೆ.

ತೋಟದಲ್ಲಿ ಕೇಳಿದರೆ ಅಣ್ಣ ಆ ವಾರ ರಜೆಯಲ್ಲಿದ್ದಾರೆ ಅಂದರು. ಅವರು ಬರುವವರೆಗೆ ಕಾಯಬಹುದಿತ್ತು. ಕಾದರೆ ಮನಸ್ಸು ನೆಪ ಹುಡುಕಿಕೊಳ್ಳುತ್ತದೆ ಎಂದು ಗೊತ್ತಿತ್ತು. ಶನಿವಾರ ಬೆಳಿಗ್ಗೆ ವಿದ್ಯಾರಣ್ಯಪುರದ ಬಸ್ಸು ಹಿಡಿದು, ಕೊನೆಯ ನಿಲ್ದಾಣದಿಂದ ಸಿಂಗಾಪುರಕ್ಕೆ ನಡೆದೆ. ದನದ ಕೊಟ್ಟಿಗೆ ಇದ್ದ ಜಾಗದಲ್ಲಿ ಈಗ ಅವರ ಅಣ್ಣತಮ್ಮಂದಿರ ಮೂರಂತಸ್ತಿನ ಮನೆ. ಇವರದು ನೆಲಮಹಡಿ. ಅವರ ಹೆಂಡತಿ ಬಾಗಿಲು ತೆಗೆದರು. ನಾನು ಯಾರೆಂದು ಹೇಳಿದ ಕೂಡಲೇ ಅವರ ಮುಖದ ನಗು ಸ್ವಲ್ಪ ಹಿಂದೆ ಸರಿಯಿತು. ಆದರೂ ಒಳಗೆ ಕರೆದು ಮಜ್ಜಿಗೆ ಕೊಟ್ಟರು.

ಅಣ್ಣ ಬಂದು ಎದುರಿಗೆ ಕೂತರು. “ಕೂತ್ಕಳಿ ಮೇಡಂ. ಬಿಸಿಲಲ್ಲಿ ನಡ್ಕೊಂಡ್ ಬಂದ್ರಾ?”

ದಾರಿಯುದ್ದಕ್ಕೂ ಹೊಂದಿಸಿಕೊಂಡಿದ್ದ ಮಾತುಗಳು ಉಪಯೋಗಕ್ಕೆ ಬರಲಿಲ್ಲ. “ವರದಿ ಬಂತು ಅಣ್ಣ. ತಳಿ ಬೆರೆತಿಲ್ಲ. ನಾನು ಬರೆದದ್ದು ತಪ್ಪು. ನಿಮ್ಮನ್ನ ಕೇಳದೇ ಬರೆದೆ,” ಅಂದೆ.

“ಬೆರೆತಿಲ್ಲ ಅಂತ ನಂಗೊತ್ತಿತ್ತಲ್ಲ,” ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ನಾನು ವಿಡಿಯೋದಲ್ಲಿ ಕಂಡದ್ದನ್ನು ಹೇಳಿ, ಹೆಬ್ಬೆರಳಿಗೆ ಏನಾಗಿತ್ತು ಎಂದು ಕೇಳಿದೆ. ಅವರು ಬಲಗೈ ಮುಂದೆ ಚಾಚಿದರು. ಉಗುರು ಇನ್ನೂ ಸೊಟ್ಟಗಿತ್ತು.

“ಈ ಮನೆ ಗೇಟಿಗೆ ಬೆರಳು ಸಿಕ್ಕಾಕೊಂಡ್ಬಿಡ್ತು. ಬಾಲ ಚಿವುಟಕ್ಕೆ ಬೆರಳು ಕೂಡ್ತಿರ್ಲಿಲ್ಲ. ಅದಕ್ಕೆ ಇಂಗೆ ಎತ್ಕೊಳ್ಳೋಕೆ ಸುರು ಮಾಡ್ದೆ.” ಎರಡೂ ಅಂಗೈ ಸೇರಿಸಿ ತೋರಿಸಿದರು. “ಮೊದ್ಲು ಬಿಳೀವು ಎಗ್ರಾಡಿದ್ವು. ಒಂದೆಂಟು ದಿನ. ಆಮೇಲೆ ಮುಚ್ಚಳ ತೆಗುದ್ರೆ ಓಡ್ತಾನೇ ಇರ್ಲಿಲ್ಲ. ಬೆರಳು ವಾಸಿ ಆದ್ಮೇಲೂ ಬಾಲ ಇಡಿಯೋಕೆ ಮನಸ್ ಬರ್ಲಿಲ್ಲ.”

“ನನಗ್ಯಾಕೆ ಹೇಳಲಿಲ್ಲ ಅಣ್ಣ?”

“ಗೋಡೆ ಮೇಲೆ ಬರ್ದಾಕಿದ್ರಲ್ಲ, ಬಾಲದ ಬುಡ ಇಡೀಬೇಕು ಅಂತ. ಏಳಿದ್ರೆ ನೀವು ಬೇಡ ಅಂತಿದ್ರಿ.”

ಅದು ನಿಜ. ಬೇಡ ಅನ್ನುತ್ತಿದ್ದೆ.

ಸೋಮವಾರ ಅದೇ ವಿಳಾಸಗಳಿಗೆ ಇನ್ನೊಂದು ಮೇಲ್ ಬರೆದೆ. ಹಿಂದಿನ ದೂರು ಆಧಾರವಿಲ್ಲದ್ದು, ತಪ್ಪು ನನ್ನದು, ಅವರನ್ನು ಮೊದಲಿನ ಜಾಗಕ್ಕೆ ಕರೆಸಿಕೊಳ್ಳಬೇಕು. ಈ ಸಲ ಕಚೇರಿಯವರು ವಾರದೊಳಗೆ ಓಡಾಡಲಿಲ್ಲ. ಎರಡು ತಿಂಗಳು ನಾನೂ ಮೇಡಂ ಇಬ್ಬರೂ ಹೋಗಿ ಕೂತ ಮೇಲೆ ಆದೇಶ ಬಂತು. ಆದರೆ ಆ ಕಾಗದ ತೆಗೆದುಕೊಂಡು ಹೋದಾಗ ಅಣ್ಣ ಬೇಡ ಅಂದರು. ಸಂಪಿಗೆ ಗಿಡಕ್ಕೆ ಪಾತಿ ಮಾಡುತ್ತಿದ್ದವರು ಸನಿಕೆ ನೆಟ್ಟು ನಿಂತು ಕಾರಣ ಹೇಳಿದರು.

“ಕೋಪಕ್ಕಲ್ಲ ಮೇಡಂ. ಮೊದ್ಲು ಬಾಲ ಇಡ್ದು ಡಬ್ಬಿಗೆ ಆಕ್ತಿದ್ದೆ, ಗ್ಯಾಸ್ ಬಿಡ್ತಿದ್ದೆ. ಕೆಲ್ಸ ಅಂತ ಮಾಡ್ತಿದ್ದೆ. ಅಂಗೈಲಿ ಎತ್ಕೊಳ್ಳಕ್ಕೆ ಸುರು ಮಾಡಿದ್ಮೇಲೆ ಅವು ಡಬ್ಬಿಗೂ ಅಂಗೇ ಇಳಿಯೋವು. ನಂಬ್ಕೊಂಡು. ಅದು ನನ್ ಕೈಲಿ ಆಗ್ತಿರ್ಲಿಲ್ಲ. ನೀವು ತೋಟಕ್ಕೆ ಆಕ್ಸಿದಾಗ ಬೇಜಾರೂ ಆಯ್ತು, ಒಳಗೊಳಗೆ ಒಳ್ಳೇದೇ ಆಯ್ತು ಅಂತಾನೂ ಅನ್ನಿಸ್ತು.”

ಇದನ್ನು ನಾನು ಮೇಡಂಗೆ ಹೇಳಿದಾಗ ಅವರು ಕಾಫಿ ಲೋಟ ಪಕ್ಕಕ್ಕಿಟ್ಟರು. ಆಮೇಲೆ ಬಿಳಿ ಹಲಗೆಯ ಮೇಲೆ ನಾಲ್ಕು ಚೌಕ ಬರೆದರು. ಕಪ್ಪು ತಳಿ, ಬಿಳಿ ತಳಿ, ಬಾಲ, ಅಂಗೈ. “ನಿನ್ನ ಥೀಸಿಸ್ ಹಾಳಾಗಿಲ್ಲ. ಬೇರೆಯಾಗಿದೆ,” ಅಂದರು. “ಇಷ್ಟು ವರ್ಷ ನಾವು ತಳೀನ ಮಾತ್ರ ಅಳೀತಿದೀವಿ ಅಂತ ತಿಳ್ಕೊಂಡಿದ್ವಿ. ಕೈಯನ್ನೂ ಸೇರಿಸಿ ಅಳೀತಿದ್ವಿ. ಅದು ಯಾರ ಕೈ ಅಂತ ಎಲ್ಲೂ ಬರೀಲಿಲ್ಲ.”

ಅಂಗೈಯಲ್ಲಿ ಎತ್ತುವುದನ್ನು ಕಲಿಸಲು ಅಣ್ಣ ಒಪ್ಪಿದರು. ಬೆಳಿಗ್ಗೆ ತೋಟದ ಕೆಲಸಕ್ಕೆ ಮುಂಚೆ ಒಂದು ಗಂಟೆ ಬರುವುದು, ಡಬ್ಬಿಯ ಕೆಲಸ ಮಾತ್ರ ತಮಗೆ ಹೇಳಬಾರದು. ಕಲಿಯುವವರು ನಾನು ಮತ್ತು ತಣಿಸಂದ್ರದ ಆಕೆ. ಆಕೆಗೆ ಎರಡೇ ದಿನದಲ್ಲಿ ಬಂತು. ಚಿಮಟ ಹಿಡಿದಷ್ಟೇ ಅಚ್ಚುಕಟ್ಟಾಗಿ ಬೊಗಸೆ ಹಿಡಿದರು. ನನ್ನದೇ ಕಷ್ಟವಾಯಿತು. ಮೂರು ವರ್ಷ ಇಲಿಗಳ ಮೇಲೆ ಕೆಲಸ ಮಾಡಿದ್ದರೂ ಕೈಗವಸಿನ ಆಚೆ ಅವುಗಳ ಭಾರ ಎಷ್ಟೆಂದು ನನಗೆ ತಿಳಿದಿರಲಿಲ್ಲ. ಮೊದಲ ಬಿಳಿ ಇಲಿ ಕಚ್ಚಿದಾಗ ಕೈ ಜಾಡಿಸಿದೆ.

“ಕಚ್ಚಿದ್ರೆ ಕಚ್ಚಲಿ, ಕೈ ಕೊಡವ್ಬೇಡಿ,” ಅಣ್ಣ ಹಿಂದಿನಿಂದ ಹೇಳಿದರು. “ನೀವು ಬೀಳ್ಸಿದ್ರಿ ಅನ್ನೋದೇ ಅದ್ರ ತಲೇಲಿ ಉಳ್ಕೊಳ್ಳೋದು.”

ಎರಡನೆಯ ವಾರ ಒಂದು ಬಿಳಿ ಇಲಿ ನನ್ನ ಬೊಗಸೆಯ ಅಂಚಿಗೆ ಬಂದು, ಹೆಬ್ಬೆರಳಿನ ಬುಡ ಮೂಸಿ, ಮತ್ತೆ ಒಳಗೆ ಹೋಗಿ ಮುದುರಿ ಕೂತಿತು. ಅದರ ಎದೆ ಬಡಿತ ಕೈಗವಸಿನ ಮೂಲಕವೇ ತಿಳಿಯುತ್ತಿತ್ತು. ನಾನು ಅಣ್ಣನ ಕಡೆ ನೋಡಿದೆ. ಅವರು ಆಗಲೇ ಪಕ್ಕದ ಗೂಡಿನ ನೀರು ನೋಡುತ್ತಿದ್ದರು.

ಅವರು ನನಗೆ ಎಲ್ಲವನ್ನೂ ಹೇಳಿಕೊಟ್ಟರು. ಆದರೆ ಬಹುವಚನ ಬಿಡಲಿಲ್ಲ. ಒಂದೆರಡು ಸಲ ನಾನೇ, “ನನಗೆ ನೀನು ಅನ್ನಿ ಅಣ್ಣ, ಮುಂಚಿನ ಹಾಗೆ,” ಅಂದೆ. “ಬಾಯಿಗೆ ಇದೇ ರೂಢಿ ಆಗೋಯ್ತು,” ಅಂದರು. ಅದರಲ್ಲಿ ಚುಚ್ಚುವ ಉದ್ದೇಶ ಇರಲಿಲ್ಲ. ಒಂದು ಮೇಲ್‌ನಿಂದ ಹೋದದ್ದು ಇನ್ನೊಂದು ಮೇಲ್‌ನಿಂದ ವಾಪಸು ಬರಲಿಲ್ಲ, ಅಷ್ಟೇ. ನಾನೂ ಮೂರನೆಯ ಸಲ ಕೇಳಲಿಲ್ಲ.

ಪ್ರಯೋಗ ಸುಮಾರು ಒಂದು ವರ್ಷ ನಡೆಯಿತು. ನಾಲ್ಕು ಗುಂಪುಗಳ ವಿಡಿಯೋಗಳನ್ನು, ಕೈ ಕಾಣುವ ಶುರುವಿನ ತುಣುಕು ಕತ್ತರಿಸಿ, ಯಾವುದನ್ನು ಬಾಲ ಹಿಡಿದು, ಯಾವುದನ್ನು ಅಂಗೈಯಲ್ಲಿ ಎತ್ತಿದ್ದು ಎಂದು ತಿಳಿಸದೆ ಮೇಡಂಗೆ ಕೊಟ್ಟೆ. ಎಣಿಸಿದವರು ಅವರು. ಗುಟ್ಟು ಬಿಚ್ಚಿದ ದಿನ ನಕ್ಷೆಯಲ್ಲಿ ಮೂರು ಗುಂಪಿನ ಚುಕ್ಕೆಗಳು ಹತ್ತಿರಹತ್ತಿರ ಕೂತಿದ್ದವು, ಒಂದು ಮಾತ್ರ ಕೆಳಗೆ ದೂರದಲ್ಲಿತ್ತು. ಅದು ಬಾಲ ಹಿಡಿದು ಎತ್ತಿದ ಬಿಳಿ ತಳಿ. ಅಂಗೈಯಲ್ಲಿ ಬೆಳೆದ ಬಿಳಿ ಇಲಿಗಳು ಕಪ್ಪು ಇಲಿಗಳ ಸಮಕ್ಕೆ ಬರದಿದ್ದರೂ ತೀರ ಹತ್ತಿರ ಬಂದಿದ್ದವು. ಕಪ್ಪು ತಳಿಗೆ ಮಾತ್ರ ಬಾಲವೂ ಒಂದೇ, ಅಂಗೈಯೂ ಒಂದೇ.

ಹಾಗಾದರೆ ಬಿಳಿ ತಳಿ ಹುಟ್ಟಾ ಪುಕ್ಕಲು ಎನ್ನುವುದು ಸುಳ್ಳೇ? ಸುಳ್ಳಲ್ಲ. ಬಾಲ ಹಿಡಿದು ಎತ್ತಿದರೂ ಕಪ್ಪು ಇಲಿ ಹೆದರಲಿಲ್ಲವಲ್ಲ. ಬಿಳಿ ಇಲಿ ಹೊತ್ತು ತಂದದ್ದು ಹೆದರಿಕೆಯನ್ನಲ್ಲ, ತನ್ನನ್ನು ಹೇಗೆ ಮುಟ್ಟುತ್ತಾರೆ ಎಂಬುದನ್ನು ಬೇಗ ಕಲಿತುಕೊಳ್ಳುವ ಗುಣವನ್ನು ಎಂದು ಥೀಸಿಸಿನಲ್ಲಿ ಬರೆದೆ. ಅದನ್ನು ಬರೆದ ಪುಟವನ್ನು ಮೇಡಂ ಮೂರು ಸಲ ತಿದ್ದಿಸಿದರು, ಪ್ರತಿ ಸಲವೂ ಒಂದೊಂದು “ಬಹುಶಃ” ಸೇರಿಸಿದರು.

ಪ್ರಯೋಗ ಮುಗಿದ ಮೇಲೆ ನಿಯಮದಂತೆ ಆ ಇಲಿಗಳನ್ನು ಕೊಲ್ಲಬೇಕು. ಆ ಕೆಲಸವನ್ನು ತಣಿಸಂದ್ರದ ಆಕೆಗೆ ಬಿಡಲು ನನಗೆ ಮನಸ್ಸಾಗಲಿಲ್ಲ. ನಾನೇ ಮಾಡುತ್ತೇನೆ ಅಂದೆ. ಅಂಗೈ ಗುಂಪಿನ ಬಿಳಿ ಇಲಿಗಳನ್ನು ಒಂದೊಂದಾಗಿ ಬೊಗಸೆಯಲ್ಲಿ ತಂದು ಡಬ್ಬಿಯ ನೆಲಕ್ಕೆ ಕೈ ತಾಗಿಸಿದೆ. ಅಣ್ಣ ಹೇಳಿದ್ದ ಹಾಗೆಯೇ ಅವು ತಾವಾಗಿ ಇಳಿದವು. ಒಂದು ಇಳಿದು, ಮತ್ತೆ ಹಿಂತಿರುಗಿ ನನ್ನ ಕೈ ಹತ್ತಲು ಬಂತು. ಅದನ್ನು ಎರಡನೆಯ ಸಲ ಇಳಿಸಿದೆ. ಗ್ಯಾಸಿನ ಕೊಳಾಯಿ ತಿರುಗಿಸಿ, ಗಡಿಯಾರ ನೋಡುತ್ತಾ ನಿಂತೆ. ಆ ದಿನ ಊಟ ಮಾಡಲಿಲ್ಲ ಎಂದೇನೂ ಹೇಳಲಾರೆ, ಮಾಡಿದೆ. ಆದರೆ ಅದಾದ ಮೇಲೆ ಯಾವ ಪ್ರಯೋಗಕ್ಕೆ ಎಷ್ಟು ಇಲಿ ಬೇಕು ಎಂದು ಬರೆಯುವಾಗ ಒಂದು ಅಂಕಿಯನ್ನೂ ಸುಮ್ಮನೆ ದೊಡ್ಡದು ಮಾಡಲಿಲ್ಲ. ಗೋಡೆಯ ಮೇಲಿದ್ದ ನಿಯಮದ ಹಲಗೆಯನ್ನೂ ಬದಲಿಸಿದರು. ಈಗ ಅಲ್ಲಿ ಅಂಗೈಯ ಚಿತ್ರವಿದೆ.

ಅಪ್ಪನಿಗೆ ಇಡೀ ಕಥೆ ಹೇಳಿದ್ದೆ. ಅವರು ನನ್ನ ಇಲಿಗಳ ಬಗ್ಗೆ ಒಂದು ಮಾತೂ ಆಡಲಿಲ್ಲ. “ಆ ಮನುಷ್ಯನ ಅಳತೆ ತಗೊಂಡು ಬಾ, ಒಂದು ಜೊತೆ ಪ್ಯಾಂಟ್ ಶರ್ಟ್ ಹೊಲೀತೀನಿ,” ಅಂದರು. ನಾನು ಬೇಡ ಅಂದೆ. ನನ್ನ ತಪ್ಪನ್ನು ಬಟ್ಟೆ ಕೊಟ್ಟು ತೀರಿಸಲು ಹೊರಟಿದ್ದೇವೆ ಎಂದು ಅಣ್ಣನಿಗೆ ಅನಿಸಿದರೆ ಏನು ಮಾಡುವುದು? ಅಪ್ಪ ಒಪ್ಪಿಕೊಂಡರು.

ಈಗ ನಾನು ಯಶವಂತಪುರದ ಕಡೆಯ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಅಲ್ಲಿ ಇಲಿಗಳಿಲ್ಲ, ನೊಣಗಳು ಮತ್ತು ಮೀನುಗಳು ಮಾತ್ರ. ಮೇಡಂ ನಿವೃತ್ತರಾದರು, ಯೋಜನೆ ಮುಗಿಯಿತು, ಬಿಳಿ ತಳಿಯ ಆ ಗುಣ ಯಾವ ವಂಶವಾಹಿಯಲ್ಲಿದೆ ಎಂದು ನಾವು ಕಂಡುಹಿಡಿಯಲಿಲ್ಲ. ನನ್ನನ್ನು ಹೆಚ್ಚು ಕಾಡುವುದು ಕಪ್ಪು ಇಲಿಗಳು. ಹೇಗೆ ಎತ್ತಿದರೂ ನಡುವಿಗೆ ಬರುತ್ತಿದ್ದ ಅವುಗಳಿಗೆ ನೋವು ತಾಗಿರಲಿಲ್ಲವೇ, ಅಥವಾ ತಾಗಿದ್ದನ್ನು ನಮ್ಮ ಪೆಟ್ಟಿಗೆ ಅಳೆಯಲಾರದಾಗಿತ್ತೇ? ತರಗತಿಯಲ್ಲಿ ಪ್ರತಿ ವರ್ಷ ಯಾರಾದರೊಬ್ಬರು ಇದನ್ನು ಕೇಳುತ್ತಾರೆ. ಗೊತ್ತಿಲ್ಲ ಎನ್ನುತ್ತೇನೆ. ಆಮೇಲೆ, ಅದನ್ನು ತಿಳಿಯಲು ಎಂಥ ಪರೀಕ್ಷೆ ಮಾಡಬಹುದು, ನೀವೇ ಯೋಚಿಸಿ ನೋಡಿ ಎಂದು ಹಲಗೆ ಒರೆಸಿ ಸೀಮೆಸುಣ್ಣವನ್ನು ಅವರ ಕೈಗೆ ಕೊಡುತ್ತೇನೆ.